ಗುಸ್ಲೆಯ ಹಾಡು ಮತ್ತು ಇತಿಹಾಸಕಾರ

ಆಡ್ರಿಯಾಟಿಕ್ ಸಮುದ್ರದ ಪೂರ್ವತೀರದಲ್ಲಿರುವ ಮಾಂಟೆನೆಗ್ರೊ ಬೆಟ್ಟಗಳಿಂದ ಕೂಡಿದ ಒಂದು ಸಣ್ಣ ದೇಶ. ಅಲ್ಲಿಯ ಜನಪದ ಸಂಗೀತವನ್ನು ಕುರಿತು ಬರೆಯುವವರು ಪ್ರಾಯಶಃ ಗುಸ್ಲೆಯಿಂದಲೇ ತೊಡಗುವರು. ಮರವನ್ನು ಕೊರೆದು ಚರ್ಮ ಬಿಗಿದ ಬುರುಡೆ, ಕುದುರೆಯ ಕೂದಲಿನ ಒಂದೇ ತಂತಿ, ಒಂದು ಕಮಾನು, ವಾದ್ಯವೆಂದರೆ ಇಷ್ಟೇ. ಇದನ್ನು ನುಡಿಸುತ್ತ ಗಾಯಕನು ವೀರರ ಕಥೆಯನ್ನು ಹಾಡುವನು. ಒಂದೊಂದು ಸಾಲಿಗೂ ಹತ್ತು ಅಕ್ಷರ. ನಾಲ್ಕನೆಯದರ ಬಳಿಕ ಯತಿ. ತುರ್ಕರೊಡನೆ ಹೋರಾಡಿದ ಜನಾಂಗವೊಂದರ ಅಲಿಖಿತ ಚರಿತ್ರೆಯೇ ಈ ಹಾಡು ಎಂಬ ಅಭಿಪ್ರಾಯ ಬಹುಕಾಲದಿಂದ ರೂಢಿಯಲ್ಲಿದೆ. ಅದು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲನೆಯದಾಗಿ, ಹಾಡು ಹಳೆಯ ಕಾಲದಿಂದ ಬದಲಾಗದೆ ಬಂದ ದಾಖಲೆಯಲ್ಲ. ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿಯೂ ಅವನ ಶಿಷ್ಯ ಆಲ್ಬರ್ಟ್ ಲಾರ್ಡನೂ 1935ರಲ್ಲಿ ಬಿಯೆಲೊ ಪೋಲ್ಯೆಯಲ್ಲಿ ಅವ್ದೊ ಮೆಜೆದೊವಿಚ್ ಎಂಬ ಗಾಯಕನನ್ನು ಕಂಡರು. ಅವನಿಗೆ ಓದುಬರಹ ತಿಳಿಯದು. ಮುದ್ರಿತ ಪುಸ್ತಕದಿಂದ ಇತರರು ಓದಿಹೇಳಿದ ಸುಮಾರು ಎರಡು ಸಾವಿರ ಸಾಲುಗಳ ಕಥೆಯೊಂದನ್ನು ಅವನು ಹನ್ನೆರಡು ಸಾವಿರಕ್ಕೂ ಮೀರಿದ ಸಾಲುಗಳಲ್ಲಿ ಹೇಳಿ ಬರೆಯಿಸಿದನು. ಗಾಯಕನು ಕಂಠಪಾಠವನ್ನು ಒಪ್ಪಿಸುವುದಿಲ್ಲ, ಸಿದ್ಧವಾದ ನುಡಿಗಟ್ಟುಗಳಿಂದ ಪ್ರತಿಸಲವೂ ಕಥೆಯನ್ನು ಹೊಸದಾಗಿ ಕಟ್ಟುವನೆಂದು ಲಾರ್ಡನು 1960ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಆದುದರಿಂದ ಹಾಡಿನಲ್ಲಿ ವರ್ಣಿತವಾದ ಕಾಳಗಕ್ಕಿಂತ, ಹಾಡಿದವನ ಮತ್ತು ಕೇಳಿದವರ ಕಾಲಕ್ಕೆ ಆ ಹಾಡು ಹೆಚ್ಚು ವಿಶ್ವಾಸಾರ್ಹವಾದ ಸಾಕ್ಷಿ.

ಎರಡನೆಯದಾಗಿ, ಅವ್ದೊ ಮುಸಲ್ಮಾನನು. ಅವನ ನಾಯಕರು ಸುಲ್ತಾನನ ಪಕ್ಷದವರು. ಆದರೆ ಭಾಷೆ ಅದೇ, ಛಂದಸ್ಸು ಅದೇ, ವಾದ್ಯವೂ ಅದೇ. ಕ್ರೈಸ್ತ ಗಾಯಕನಿಗೆ ವೈರಿಯಾದವನು ಇವನಿಗೆ ವೀರನು. ಎರಡು ಪಕ್ಷಗಳಿಗೂ ಸಮಾನವಾದ ಸ್ವತ್ತನ್ನು ಒಂದೇ ಜನಾಂಗದ ವಾಣಿಯೆಂದು ಕರೆಯುವುದು ನ್ಯಾಯವಲ್ಲ. ಇದು ಕೇವಲ ಪಂಡಿತರ ವಾಗ್ವಾದವೂ ಅಲ್ಲ. 1990ರ ದಶಕದಲ್ಲಿ ಯುಗೊಸ್ಲಾವಿಯ ಒಡೆದು ಯುದ್ಧ ನಡೆದಾಗ, ಇದೇ ಹಾಡು ಸರ್ಬ್ ರಾಷ್ಟ್ರೀಯವಾದದ ಪ್ರಚಾರಸಾಧನವಾಗಿ ಬಳಕೆಯಾಯಿತು. ಹಾಡನ್ನೇ ಚರಿತ್ರೆಯೆಂದು ನಂಬಿದವರಿಗೆ ಹಳೆಯ ವೈರವು ನಿನ್ನೆಯದಾಗಿ ತೋರುವುದರಲ್ಲಿ ಆಶ್ಚರ್ಯವೇನು?

ಮೂರನೆಯದಾಗಿ, ಗುಸ್ಲೆಯೊಂದನ್ನೇ ಕೇಳುವ ವಿದ್ವಾಂಸನು ನಾಡಿನ ಬಹುಪಾಲು ದನಿಗಳಿಗೆ ಕಿವುಡನಾಗುವನು. 'ಓರೊ' ಎಂಬ ಕುಣಿತಕ್ಕೆ ವಾದ್ಯವೇ ಬೇಡ. ಸ್ತ್ರೀಪುರುಷರು ವರ್ತುಲವಾಗಿ ನಿಂತು ಹಾಡುವರು. ನಡುವೆ ಜೋಡಿಯೊಂದು ತೋಳುಗಳನ್ನು ರೆಕ್ಕೆಯಂತೆ ಚಾಚಿ ಹದ್ದಿನ ಹಾಗೆ ನೆಗೆಯುವುದು. ಕೊನೆಗೆ ಪುರುಷರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಎರಡಂತಸ್ತಿನ ವರ್ತುಲವನ್ನು ರಚಿಸುವುದೂ ಉಂಟು. ಸತ್ತವರನ್ನು ಕುರಿತ ಶೋಕಗೀತಗಳು ಹೆಂಗಸರವು. 1420ರಿಂದ 1797ರವರೆಗೆ ವೆನಿಸ್ಸಿನ ಆಳ್ವಿಕೆಯಲ್ಲಿದ್ದ ಕೋಟೊರ್ ಪಟ್ಟಣದಲ್ಲಿ ಸಂತ ಟ್ರಿಫೊನನ ಹಬ್ಬಕ್ಕೆ ನಾವಿಕರ ಸಂಘವು ಕುಣಿಯುವ ವರ್ತುಲನೃತ್ಯವಿದೆ. ಈ ಸಂಘದ ಪರಂಪರೆಯನ್ನು ಯುನೆಸ್ಕೊ 2021ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಬೆಟ್ಟದ ವೀರಗೀತದಲ್ಲಿ ಈ ಕಡಲಿನ ಬಾಳಿಗೆ ಎಡೆಯೆಲ್ಲಿ?

ಈ ಸತ್ಯವನ್ನು ನಾಡಿನ ಮಹಾಕವಿಯೇ ಅರಿತಿದ್ದನು. ಧರ್ಮಗುರುವೂ ರಾಜನೂ ಆಗಿದ್ದ ಪೇತರ್ ಪೆತ್ರೊವಿಚ್ ನ್ಯೆಗೊಶನು 1847ರಲ್ಲಿ ಪ್ರಕಟಿಸಿದ 'ಗೋರ್ಸ್ಕಿ ವಿಯೆನಾತ್ಸ್' ನಾಟಕಕಾವ್ಯದಲ್ಲಿ ಗತಕಾಲವನ್ನು ಸ್ಮರಿಸುವ ಕಾರ್ಯವನ್ನು ಕುಣಿಯುವ ಸಮೂಹಕ್ಕೆ ವಹಿಸಿರುವನು. ಅಣ್ಣನನ್ನು ಕಳೆದುಕೊಂಡ ತಂಗಿಯ ಶೋಕಕ್ಕೂ ಅಲ್ಲಿ ಸ್ಥಾನವಿದೆ. ಆದರೆ ಆ ಕಾವ್ಯದ ವಸ್ತು ಇಸ್ಲಾಮಿಗೆ ಮತಾಂತರಗೊಂಡ ಸ್ವದೇಶೀಯರ ಸಂಹಾರ; ಅಲ್ಲಿಯ ಸಮೂಹವೂ ಒಂದು ಪಕ್ಷದ್ದೇ ಎಂಬುದನ್ನು ಮರೆಯಲಾಗದು.

ಇಷ್ಟರಿಂದ ಗುಸ್ಲೆಯ ಹಾಡು ಇತಿಹಾಸಕಾರನಿಗೆ ನಿರುಪಯುಕ್ತವೆಂದು ತಿಳಿಯಬಾರದು. ಯಾರು, ಯಾವಾಗ, ಯಾರ ಮುಂದೆ ಹಾಡಿದರು ಎಂದು ಕೇಳಿ, ಅದನ್ನು ಎದುರು ಪಕ್ಷದ ಹಾಡಿನ ಪಕ್ಕದಲ್ಲಿಯೂ ಹೆಂಗಸರ ಶೋಕಗೀತದ ಪಕ್ಕದಲ್ಲಿಯೂ ಇಟ್ಟು ನೋಡಿದರೆ ಅದರಷ್ಟು ಬೆಲೆಯುಳ್ಳ ಸಾಕ್ಷ್ಯ ವಿರಳ. ಹಾಗೆ ಕೇಳದೆ ಒಪ್ಪಿಕೊಳ್ಳುವವನು ಇತಿಹಾಸಕಾರನಲ್ಲ, ಕೇವಲ ಶ್ರೋತೃ.