ಒಂದೇ ಪಟ್ಟೆ, ಎರಡು ಪ್ರಯೋಗ

ಬಿಇ ಓದುವಾಗ ನಮ್ಮ ಕ್ಲಾಸಿನ ಅರ್ಧಕ್ಕರ್ಧ ಲ್ಯಾಬ್ ರೆಕಾರ್ಡುಗಳಲ್ಲಿ ಒಂದೇ ಗ್ರಾಫ್ ಇರ್ತಿತ್ತು. ಯಾವನೋ ಸೀನಿಯರ್ ತಪ್ಪಾಗಿ ಇಟ್ಟ ಚುಕ್ಕಿ ಕೂಡ ಎಲ್ಲರದ್ರಲ್ಲೂ ಅದೇ ಜಾಗದಲ್ಲಿ! ಮೇಷ್ಟ್ರು ಅದಕ್ಕೂ ಸಹಿ ಹಾಕ್ತಿದ್ರು. ಡಯೋಡಿನ ಗ್ರಾಫು, ಯಾರಿಗೂ ನಷ್ಟ ಆಗ್ಲಿಲ್ಲ ಬಿಡಿ.

2024ರ ಜನವರಿಯಲ್ಲಿ ಬಾಸ್ಟನ್ನಿನ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯ ಸುದ್ದಿ ಓದಿದಾಗ ಆ ಚುಕ್ಕಿ ನೆನಪಾಯ್ತು. ಶೋಲ್ಟೋ ಡೇವಿಡ್ ಎಂಬ ಜೀವವಿಜ್ಞಾನಿ ವೇಲ್ಸ್‌ನಲ್ಲಿ ಕೂತು, ಅಲ್ಲಿನ ಹೆಸರಾಂತ ವಿಜ್ಞಾನಿಗಳ ಪ್ರಬಂಧಗಳಲ್ಲಿ ಒಂದೇ ಚಿತ್ರ ಬೇರೆ ಬೇರೆ ಕಡೆ ಬಳಕೆಯಾದಂತೆ ಕಾಣುವುದನ್ನು ತೋರಿಸಿದ್ದರು. ಸಂಸ್ಥೆ 6 ಪ್ರಬಂಧಗಳನ್ನು ಹಿಂಪಡೆಯಲು, 31ನ್ನು ತಿದ್ದಲು ಹೊರಟಿತು.

ಚಿತ್ರ ತಾನೇ ಅನ್ನಬೇಡಿ. ಇಂಥ ಪ್ರಬಂಧಗಳಲ್ಲಿ ವೆಸ್ಟರ್ನ್ ಬ್ಲಾಟ್ ಅಂತ ಬರುತ್ತೆ. ಜೀವಕೋಶದ ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬಿಡಿಸಿ, ಬೇಕಾದ್ದನ್ನು ಪ್ರತಿಕಾಯದಿಂದ ಗುರುತಿಸ್ತಾರೆ. ಕಪ್ಪು ಪಟ್ಟೆ ಮೂಡುತ್ತೆ. ಪಟ್ಟೆ ದಪ್ಪಗಿದ್ರೆ ಪ್ರೋಟೀನ್ ಹೆಚ್ಚು, ತೆಳ್ಳಗಿದ್ರೆ ಕಮ್ಮಿ. ಅಂದ್ರೆ ಆ ಪಟ್ಟೆಯೇ ಸಾಕ್ಷಿ. ಅದೇ ಪಟ್ಟೆ ಎರಡು ಪ್ರಯೋಗಗಳಿಗೆ ಸಾಕ್ಷಿ ಹೇಳಿದ್ರೆ, ಒಂದಾದರೂ ಸುಳ್ಳು.

ಚಿತ್ರದಲ್ಲಿ ದೋಷವಿದ್ದ ಮಾತ್ರಕ್ಕೆ ಮೋಸದ ಉದ್ದೇಶವಿತ್ತು ಎನ್ನಲಾಗದು ಅಂದಿತು ಸಂಸ್ಥೆ. ಒಪ್ಪಿದೆ. ಒಂದೇ ತರಹದ ಹೆಸರಿನ ಐವತ್ತು ಫೈಲುಗಳಲ್ಲಿ ತಪ್ಪು ಫೈಲ್ ಎತ್ತಿ ಹಾಕಿ ರಾತ್ರಿಯಿಡೀ ಬೈಸಿಕೊಂಡವನು ನಾನೂ. ಆದ್ರೆ ಎಲ್ಲ ನಕಲೂ ಅಂಥದ್ದಲ್ಲ. ಎಲಿಸಬೆತ್ ಬಿಕ್ ಮತ್ತು ಜೊತೆಗಾರರು 20,621 ಪ್ರಬಂಧಗಳನ್ನು ನೋಡಿ 2016ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, 3.8 ಶೇಕಡಾ ಪ್ರಬಂಧಗಳ ಚಿತ್ರಗಳಲ್ಲಿ ತೊಂದರೆ ಇತ್ತು. ಅವುಗಳಲ್ಲಿ ಅರ್ಧದಷ್ಟಾದರೂ ಬೇಕಂತಲೇ ತಿದ್ದಿದ ಹಾಗೆ ಕಾಣ್ತಿದ್ವು. ಪಟ್ಟೆ ತಾನಾಗಿ ಮಗ್ಗಲು ಬದಲಿಸಿ ಮಲಗೋದಿಲ್ಲವಲ್ಲ!

ನನ್ನ ತಕರಾರು ಬೇರೆ. ಆಫೀಸಿನಲ್ಲಿ ನಾನು ಒಂದು ಸಾಲು ಕೋಡ್ ಬದಲಿಸಿದರೂ ಯಾರು, ಯಾವಾಗ ಅಂತ ದಾಖಲಾಗುತ್ತೆ. ಕ್ಯಾನ್ಸರ್ ಸಂಶೋಧನೆಯಲ್ಲಿ ಮೂಲ ಚಿತ್ರವನ್ನು ಹುಡುಕೋದು ಎಷ್ಟೋ ಸಲ ಯಾರಾದರೂ ಬೆರಳು ತೋರಿಸಿದ ಮೇಲೆ, ವರ್ಷಗಳ ನಂತರ. ಕತ್ತರಿಸದ ಮೂಲ ಬ್ಲಾಟ್ ಕೊಡಿ ಅಂತ ಕೆಲವು ಪತ್ರಿಕೆಗಳು ಮೊದಲೇ ಕೇಳ್ತವೆ. ಎಲ್ಲವೂ ಯಾಕೆ ಕೇಳಬಾರದು? ಅಷ್ಟರೊಳಗೆ ಆ ಪಟ್ಟೆ ನಂಬಿ ಇನ್ನೊಂದು ಲ್ಯಾಬಿನ ಹುಡುಗ ಪಿಎಚ್‌ಡಿಯ ವರ್ಷಗಳನ್ನೇ ಕಳೆದಿರಬಹುದು.

ಒಂದು ಪ್ರಬಂಧದಿಂದ ಔಷಧಿ ಹುಟ್ಟೋದಿಲ್ಲ, ಗೊತ್ತು. ಆದರೂ ದೊಡ್ಡಮ್ಮನ ಕೀಮೋಗೆ ಮುಂಚೆ ಸಹಿಗೆ ಕೊಟ್ಟ ಫಾರಂ ಇಂಗ್ಲಿಷಲ್ಲಿತ್ತು. ಓದಿ ಹೇಳಿದವನು ನಾನೇ. "ನೀನು ಓದಿದ್ಯಲ್ಲ ಮಗಾ, ಸಾಕು" ಅಂತ ಹೆಬ್ಬೆಟ್ಟು ಒತ್ತಿದರು.