ಉತ್ತರ ಧ್ರುವದ ಉಷಸ್ಸು, ಬರ್ಲಿನ್ನಿನ ಬುರುಡೆ

ಕನ್ನಡಿಗರಿಗೆ ಟಿಳಕರೆಂದರೆ ‘ಗೀತಾರಹಸ್ಯ’. ಆಲೂರ ವೆಂಕಟರಾಯರು ಅದನ್ನು ಕನ್ನಡಕ್ಕೆ ತಂದ ಮೇಲಂತೂ ಅದು ನಮ್ಮದೇ ಪುಸ್ತಕವಾಯಿತು. ಅದೇ ಟಿಳಕರು 1903ರಲ್ಲಿ ಪುಣೆಯಿಂದ ಹೊರತಂದ ‘ದಿ ಆರ್ಕ್‌ಟಿಕ್ ಹೋಮ್ ಇನ್ ದ ವೇದಾಸ್’ ಹೆಸರನ್ನು ಕೇಳಿದವರು ಹಲವರು, ಬಿಡಿಸಿ ಓದಿದವರು ಕೆಲವರು. ಓದದೆಯೇ ನಕ್ಕುಬಿಡುವವರು ಇದ್ದಾರೆ, ಓದದೆಯೇ ಕೈಮುಗಿಯುವವರೂ ಇದ್ದಾರೆ. ಎರಡು ಮಹಾಯುದ್ಧಗಳ ಕಡೆಗೆ ಯುರೋಪನ್ನು ನೂಕಿದ ವಿಚಾರಗಳಲ್ಲಿ ‘ಆರ್ಯ’ ಎಂಬುದೂ ಒಂದು. ಆ ವಿಚಾರದ ಜೊತೆ ಪುಣೆ ನಡೆಸಿದ ವ್ಯವಹಾರ ತಿಳಿಯಬೇಕಾದರೆ ಈ ಪುಸ್ತಕವನ್ನು ನಗದೆ, ಕೈಮುಗಿಯದೆ ಓದಬೇಕು.

ವಾದ ಇಷ್ಟು. ವೇದದ ಋಷಿಗಳ ಪೂರ್ವಜರು ಉತ್ತರ ಧ್ರುವದ ಆಸುಪಾಸಿನಲ್ಲಿ ವಾಸವಾಗಿದ್ದರು. ಆಗ ಅಲ್ಲಿ ಹವೆ ಹಿತವಾಗಿತ್ತು. ಕ್ರಿ.ಪೂ. 10000 ಇಲ್ಲವೇ 8000ದ ಸುಮಾರಿಗೆ ಹಿಮ ಕವಿದು ಆ ನೆಲ ಹಾಳಾಯಿತು, ಜನ ದಕ್ಷಿಣಕ್ಕೆ ಹೊರಟರು. ಹಳೆಯ ನೆಲದ ನೆನಪು ಮಾತ್ರ ಋಕ್ಕುಗಳಲ್ಲಿ, ಯಜ್ಞದ ವಿಧಿಗಳಲ್ಲಿ, ಪಾರಸಿಗಳ ಅವೆಸ್ತಾದಲ್ಲಿ ಉಳಿದುಕೊಂಡಿತು. ಇದಕ್ಕೆ ಹತ್ತು ವರ್ಷ ಮೊದಲು, 1893ರ ‘ಓರಾಯನ್’ ಗ್ರಂಥದಲ್ಲಿ, ಮೃಗಶಿರಾ ನಕ್ಷತ್ರದ ಲೆಕ್ಕ ಹಿಡಿದು ವೇದದ ಕಾಲವನ್ನು ಕ್ರಿ.ಪೂ. 4500ರ ತನಕ ಹಿಂದಕ್ಕೆ ಒಯ್ದಿದ್ದರು. ಬಾನ್ ನಗರದ ಹರ್ಮನ್ ಯಾಕೊಬಿ ತಮ್ಮದೇ ದಾರಿಯಲ್ಲಿ ಅದರ ಸಮೀಪಕ್ಕೇ ಬಂದದ್ದರಿಂದ ಟಿಳಕರಿಗೆ ಧೈರ್ಯ ಬಂದಿತ್ತು. 1897ರ ರಾಜದ್ರೋಹದ ಶಿಕ್ಷೆ ಅನುಭವಿಸುತ್ತಿದ್ದಾಗ ಮ್ಯಾಕ್ಸ್ ಮುಲ್ಲರ್ ತಮ್ಮ ಋಗ್ವೇದದ ಎರಡನೆಯ ಆವೃತ್ತಿಯನ್ನು ಜೈಲಿಗೆ ಕಳಿಸಿಕೊಟ್ಟರು. ಅಲ್ಲಿ ಓದಿದ್ದು 1898ರಲ್ಲಿ ಬಿಡುಗಡೆಯಾದ ಮೇಲೆ ಪುಸ್ತಕದ ರೂಪ ತಳೆಯಿತು. ಬರೆದದ್ದು ಮರಾಠಿಯಲ್ಲಲ್ಲ, ಇಂಗ್ಲಿಷಿನಲ್ಲಿ. ತೀರ್ಪು ಕೊಡಬೇಕಾದವರು ಬಾನ್, ಆಕ್ಸ್‌ಫರ್ಡ್, ಬಾಸ್ಟನ್‌ಗಳಲ್ಲಿದ್ದಾರೆ ಎಂಬುದನ್ನು ಟಿಳಕರು ಮೊದಲೇ ಒಪ್ಪಿಕೊಂಡಂತಿತ್ತು. ಧ್ರುವವೇ ಮನುಷ್ಯನ ತೊಟ್ಟಿಲು ಎಂದು ಬಾಸ್ಟನ್ನಿನ ವಿಲಿಯಂ ವಾರನ್ 1885ರಲ್ಲೇ ಬರೆದಿದ್ದರು.

ಉಷಸ್ಸಿನ ಅಧ್ಯಾಯದಲ್ಲಿ ಟಿಳಕರ ಓದು ಬೆರಗು ಹುಟ್ಟಿಸುತ್ತದೆ. ಋಗ್ವೇದದಲ್ಲಿ ಉಷೆ ಒಬ್ಬಳಲ್ಲ, ಹಲವರು. ಮೊದಲ ಬೆಳಕು ಕಂಡದ್ದಕ್ಕೂ ಸೂರ್ಯ ಹುಟ್ಟಿದ್ದಕ್ಕೂ ನಡುವೆ ಹಲವು ದಿನಗಳೇ ಕಳೆದಂತೆ ಕವಿ ಹೇಳುತ್ತಾನೆ. ತೈತ್ತಿರೀಯ ಸಂಹಿತೆಯಲ್ಲಿ ಮೂವತ್ತು ಅಕ್ಕತಂಗಿಯರು ಸುತ್ತು ಹಾಕುತ್ತಾರೆ. ಇರುಳು ಮುಗಿಯಲಿ, ಆಚೆ ದಡ ಸಿಗಲಿ ಎಂಬ ಭಯದ ಪ್ರಾರ್ಥನೆಗಳಿವೆ. ದಿನಕ್ಕೊಮ್ಮೆ ಬಂದುಹೋಗುವ ನಮ್ಮ ಬೆಳಗಿಗೆ ಇಷ್ಟೊಂದು ಆತಂಕ ಏಕೆ? ಯಾಸ್ಕರು ಅದನ್ನು ಗೌರವದ ಬಹುವಚನ ಎಂದರು. ವಿಜಯನಗರದ ಆಸರೆಯಲ್ಲಿ ಭಾಷ್ಯ ಬರೆದ ಸಾಯಣರು ಒಂದೊಂದು ಕಡೆ ಒಂದೊಂದು ಸಮಾಧಾನ ಹೇಳಿ ಮುಂದೆ ಹೋದರು. ಟಿಳಕರು ಹೋಗಲಿಲ್ಲ. ವಕೀಲಿ ಓದಿದವರು, ಸಾಕ್ಷಿಯ ಮಾತನ್ನು ಅದರ ಬಾಯಲ್ಲೇ ಹಿಡಿದು ನಿಲ್ಲಿಸಿದರು. ಧ್ರುವದಲ್ಲಿ ಬೆಳಗು ತಿಂಗಳುಗಟ್ಟಲೆ ಇರುತ್ತದೆ, ದಿಗಂತದ ಉದ್ದಕ್ಕೂ ಗಾಲಿಯಂತೆ ತಿರುಗುತ್ತದೆ. ಈ ಋಕ್ಕುಗಳನ್ನು ಅಲ್ಲಿಟ್ಟು ಓದಿ, ಎಲ್ಲ ಹೊಂದುತ್ತದೆ ಎಂದರು. ಒಪ್ಪದೆಯೂ ಈ ಅಧ್ಯಾಯ ಓದಿ ಎದ್ದವನಿಗೆ ಉಷಃಸೂಕ್ತಗಳು ಮೊದಲಿನಂತೆ ಕೇಳಿಸುವುದಿಲ್ಲ. ಕಾವ್ಯವನ್ನು ಇಷ್ಟು ಹತ್ತಿರದಿಂದ ಓದುವ ವಿಮರ್ಶಕ ಯಾವ ಭಾಷೆಗೂ ದಂಡಿಯಾಗಿ ಸಿಗುವುದಿಲ್ಲ.

ಆಮೇಲಿನದು ಇಳಿಜಾರು. ಹತ್ತು ತಿಂಗಳ ‘ಗವಾಮಯನ’ ಸತ್ರ, ಹತ್ತನೆಯ ಯುಗದಲ್ಲಿ ಮುದಿಯಾದ ದೀರ್ಘತಮಸ್ಸು, ರೋಮನ್ನರ ಹಳೆಯ ಹತ್ತು ತಿಂಗಳ ವರ್ಷ, ಎಲ್ಲವೂ ಒಂದೇ ಕಡತಕ್ಕೆ ಸೇರುತ್ತವೆ. ಹೊಂದದ್ದನ್ನು ಹೊಂದಿಸಿಕೊಳ್ಳುವ ಜಾಣತನ ವಾದಕ್ಕೆ ಬಲ ಕೊಡುವ ಬದಲು ಸಂಶಯ ತರುತ್ತದೆ. ಹಿಮಸಾರಂಗವಾಗಲಿ ಬಿಳಿ ಕರಡಿಯಾಗಲಿ ಒಂದು ಸಲವೂ ಸುಳಿಯದ ಧ್ರುವದ ನೆನಪು ಎಂಥದು? ಇನ್ನು ಭೂವಿಜ್ಞಾನವಂತೂ ತಿರುಗಿಯೇ ಬಿತ್ತು. ಟಿಳಕರು ಹಿಮ ಕವಿಯಿತು ಎನ್ನುವ ಕಾಲ ನಿಜವಾಗಿ ಹಿಮ ಕರಗಿ ಮುಗಿಯುತ್ತಿದ್ದ ಕಾಲ. ಆಗಿನ ಭೂವಿಜ್ಞಾನದಲ್ಲೇ ಇದರ ಬಗ್ಗೆ ಒಮ್ಮತವಿರಲಿಲ್ಲ. ಇದಕ್ಕಾಗಿ ಅವರನ್ನು ದೂರುವುದು ಸಣ್ಣತನ.

ದೂರಬೇಕಾದದ್ದು ಕೊನೆಯ ಅಧ್ಯಾಯವನ್ನು. ಅಲ್ಲಿ ಟಿಳಕರು ನಕ್ಷತ್ರ, ಹಿಮ, ಉಷಸ್ಸು ಎಲ್ಲ ಬಿಟ್ಟು ಜನಾಂಗಕ್ಕೆ ಬರುತ್ತಾರೆ. ಆರ್ಯರು ಹೋದಲ್ಲೆಲ್ಲ ಆರ್ಯರಲ್ಲದವರನ್ನು ಅಳಿಸಿಯೋ ಅರಗಿಸಿಕೊಂಡೋ ಗೆದ್ದರು. ಅಂಥ ಸತ್ವ, ಅಂಥ ಮೇಲ್ಮೆ ಅವರಿಗೆ ಮೂಲ ನೆಲೆಯಲ್ಲೇ ಉನ್ನತ ನಾಗರಿಕತೆ ಇದ್ದಿರದಿದ್ದರೆ ಬರುತ್ತಿರಲಿಲ್ಲ ಎಂಬ ಅರ್ಥದ ವಾದವನ್ನು ಅವರು ಹೂಡುತ್ತಾರೆ. ಅಳಿಸಿಹಾಕಿದ್ದು ನಾಗರಿಕತೆಗೆ ಪುರಾವೆ! ಇಂಗ್ಲಿಷರು ಇಂಡಿಯಾದಲ್ಲಿ ಕೂತದ್ದಕ್ಕೂ ಇದೇ ವಾದ ಸಲ್ಲುತ್ತದೆ ಎಂಬುದು, ಆ ಇಂಗ್ಲಿಷರ ಜೈಲಿನಿಂದ ಬಂದ ಮನುಷ್ಯನಿಗೆ ಹೊಳೆಯದೆ ಹೋಯಿತೇ? ಯುರೋಪು ‘ಆರ್ಯರು ಯಾವಾಗ, ಎಲ್ಲಿ’ ಎಂದು ಕೇಳಿತು. ಟಿಳಕರು ‘ನೀವು ಹೇಳಿದ್ದಕ್ಕಿಂತ ಮೊದಲು, ನೀವು ಹೇಳಿದ್ದಕ್ಕಿಂತ ಉತ್ತರಕ್ಕೆ’ ಎಂದರು. ಒಂದು ಭಾಷಾಕುಲವನ್ನು ಒಂದು ರಕ್ತ ಎಂದುಕೊಳ್ಳುವುದೇ ಸರಿಯೇ ಎಂಬ ಪ್ರಶ್ನೆ ಅವರ ಪಾಟೀಸವಾಲಿನಲ್ಲಿ ಬರಲೇ ಇಲ್ಲ.

ಪುಣೆಯಲ್ಲಿ ಆರ್ಯರ ಪ್ರಶ್ನೆಯನ್ನು ಬೇರೊಂದು ಮೂಲೆಯಿಂದ ಎತ್ತಿದವರು ಮೂವತ್ತು ವರ್ಷ ಹಿಂದೆಯೇ ಇದ್ದರು. 1873ರ ‘ಗುಲಾಮಗಿರಿ’ಯಲ್ಲಿ ಜೋತಿರಾವ್ ಫುಲೆ ಇದೇ ಆರ್ಯರ ಆಗಮನವನ್ನು ತಿರುವಿ ಹಾಕಿದ್ದರು: ಬಂದವರು ಗೆದ್ದದ್ದು ಹೌದು, ಅದು ಬಲಿರಾಜನ ನಾಡಿನ ಮೇಲೆ ನಡೆದ ದರೋಡೆ. ಟಿಳಕರು ಹೊರಗಿನಿಂದ ಬಂದದ್ದನ್ನೇ ಹೆಮ್ಮೆ ಎಂದಾಗ ಫುಲೆಯವರ ಸತ್ಯಶೋಧಕರ ಕೈಗೆ ಆಯುಧ ಕೊಟ್ಟಂತೆಯೇ ಆಯಿತು. ಇದರ ಅಪಾಯ ಕಂಡವರೂ ಊರಲ್ಲೇ ಇದ್ದರು. 1915ರಲ್ಲಿ ನಾರಾಯಣ ಭವಾನರಾವ್ ಪಾವಗಿ ಪುಸ್ತಕ ಬರೆದು, ಆರ್ಯರು ಹುಟ್ಟಿದ್ದು ಸಪ್ತಸಿಂಧುವಿನಲ್ಲಿ, ಧ್ರುವಕ್ಕೆ ಹೋದದ್ದು ಇಲ್ಲಿಂದ, ಅದು ಬರೀ ವಸಾಹತು ಎಂದರು. ಮೂಲದ ಈ ಜ್ವರ ಪುಣೆಯಲ್ಲಷ್ಟೇ ನಿಲ್ಲಲಿಲ್ಲವೆನ್ನಿ. ಅಲ್ಲಿ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಬಂದ ಆಲೂರರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದರು. ಅದರಲ್ಲಿ ಕಳೆದುಹೋದ ರಾಜ್ಯಗಳ ಅಳಲಿದೆ, ರಕ್ತದ ಲೆಕ್ಕವಿಲ್ಲ. ಆ ಮಟ್ಟಿಗೆ ನಾವು ಬಚಾವು.

1914ರ ಜೂನಿನಲ್ಲಿ ಮಂಡಾಲೆಯ ಜೈಲಿನಿಂದ ಬಿಡುಗಡೆಯಾಗಿ ಪುಣೆಗೆ ಬಂದ ಟಿಳಕರು ಎರಡು ತಿಂಗಳು ಕಳೆಯುವಷ್ಟರಲ್ಲಿ ಯುದ್ಧ ಶುರುವಾಗಿ, ಸಾಮ್ರಾಜ್ಯಕ್ಕೆ ನಿಷ್ಠೆ ಸಾರಿದರು. 1918ರ ಮುಂಬಯಿ ಯುದ್ಧ ಪರಿಷತ್ತಿನಲ್ಲಿ ಸ್ವರಾಜ್ಯದ ಮಾತೆತ್ತಿದಾಗ ಗವರ್ನರ್ ವಿಲ್ಲಿಂಗ್ಡನ್ ಅವರ ಬಾಯಿ ಕಟ್ಟಿಸಿದರು. ಅತ್ತ ಯುರೋಪಿನಲ್ಲಿ, ಇತಿಹಾಸವೆಲ್ಲ ಜನಾಂಗಗಳ ಕಾಳಗ ಎಂದು 1899ರಲ್ಲಿ ಬರೆದ ಹೌಸ್ಟನ್ ಸ್ಟೀವರ್ಟ್ ಚೇಂಬರ್ಲಿನ್‌ನ ಗ್ರಂಥವನ್ನು ಜರ್ಮನಿಯ ಕೈಸರನೇ ಮೆಚ್ಚಿಕೊಂಡಿದ್ದ. ಸೋತ ಜರ್ಮನಿಯಲ್ಲಿ ‘ಉತ್ತರದ ಆರ್ಯ’ ಇನ್ನಷ್ಟು ಬೆಳೆದ. ಧ್ರುವಮೂಲದ ನಾರ್ಡಿಕ್ ಜನಾಂಗದ ಬಗ್ಗೆ 1928ರಲ್ಲಿ ಗ್ರಂಥ ಬರೆದ ಹರ್ಮನ್ ವಿರ್ಟ್, 1935ರಲ್ಲಿ ಹಿಮ್ಲರ್ ಜೊತೆ ಸೇರಿ ‘ಆನೆನೆರ್ಬೆ’ ಸಂಸ್ಥೆ ಕಟ್ಟಿದ. ಎರಡು ವರ್ಷದಲ್ಲಿ ಅದರ ಮೇಲೆ ಕೂತದ್ದು ವಾಲ್ಟರ್ ವ್ಯೂಸ್ಟ್ ಎಂಬ ವೇದ ವಿದ್ವಾಂಸ. ಇಟಲಿಯ ಯೂಲಿಯುಸ್ ಎವೊಲಾ 1934ರ ತನ್ನ ಪುಸ್ತಕದಲ್ಲಿ ಟಿಳಕರ ಹೆಸರನ್ನೇ ಆಧಾರವಾಗಿ ಹಿಡಿದ. ಇದೆಲ್ಲಕ್ಕೆ 1920ರಲ್ಲೇ ತೀರಿಕೊಂಡ ಟಿಳಕರು ಹೊಣೆಯಲ್ಲ. ಆದರೆ ಅವರ ಪುಸ್ತಕ ಆ ಕೈಗಳಲ್ಲಿ ಎಲ್ಲೂ ಪ್ರತಿಭಟಿಸುವುದಿಲ್ಲ. ಕೊನೆಯ ಅಧ್ಯಾಯ ಅವರಿಗೆ ಬಾಗಿಲು ತೆರೆದೇ ಇಟ್ಟಿದೆ. ಎರಡನೆಯ ಯುದ್ಧ ಹೊತ್ತಿಕೊಂಡ 1939ರಲ್ಲಿ ಆರ್‌ಎಸ್‌ಎಸ್‌ನ ಗೋಳ್ವಲ್ಕರರು ಟಿಳಕರನ್ನೂ ಬಿಡಲಾಗದೆ, ಹೊರಗಿನಿಂದ ಬಂದೆವು ಎನ್ನಲೂ ಆಗದೆ, ಧ್ರುವವೇ ಆಗ ಇಂದಿನ ಬಿಹಾರ–ಒಡಿಶಾ ಇರುವ ಕಡೆ ಇತ್ತು ಎಂದು ಬರೆದರು. ವಾದಕ್ಕಾಗಿ ಭೂಗೋಳವನ್ನೇ ಸರಿಸುವ ಈ ಸಾಹಸವನ್ನು ಉಷಸ್ಸಿನ ಅಧ್ಯಾಯದ ಟಿಳಕರು ಸಹಿಸುತ್ತಿರಲಿಲ್ಲ.

ಬುರುಡೆಯ ವಿಷಯಕ್ಕೆ ಬರೋಣ. ಬರ್ಮಾದಲ್ಲಿ ಹುಟ್ಟಿ, ಅಲ್ಲಿಯ ನದಿಯ ಹೆಸರನ್ನೇ ಹೊತ್ತ ಇರಾವತಿ ಕರ್ವೆ 1920ರ ದಶಕದ ಕೊನೆಗೆ ಪುಣೆಯಿಂದ ಬರ್ಲಿನ್ನಿಗೆ ಹೋದರು. ಮಾರ್ಗದರ್ಶಕ ಓಯ್ಗೆನ್ ಫಿಷರ್, ಕೈಸರ್ ವಿಲ್ಹೆಲ್ಮ್ ಮಾನವಶಾಸ್ತ್ರ ಸಂಸ್ಥೆಯ ನಿರ್ದೇಶಕ. 1908ರಲ್ಲಿ ನೈಋತ್ಯ ಆಫ್ರಿಕಾದ ವಸಾಹತಿಗೆ ಹೋಗಿ ಮಿಶ್ರ ಸಂತಾನದವರನ್ನು ಅಳೆದು ಬಂದವನು, ಮುಂದೆ ನಾಜಿಗಳ ಜನಾಂಗ ನೀತಿಗೆ ಶಾಸ್ತ್ರ ಒದಗಿಸಿದವನು. ಬುರುಡೆಯ ಎಡಬಲಗಳ ಅಸಮತೆಗೂ ಜನಾಂಗದ ಮೇಲ್ಮೆಗೂ ನಂಟಿದೆ ಎಂಬುದು ಅವನ ಊಹೆ. ಅದನ್ನು ತೋರಿಸುವ ಕೆಲಸ ಈ ಹುಡುಗಿಗೆ ಬಂತು. ಕರ್ವೆ ಬುರುಡೆಗಳನ್ನು ಅಳೆದರು, ಲೆಕ್ಕ ಹಾಕಿದರು, ಅಂಥ ನಂಟು ಕಾಣುವುದಿಲ್ಲ ಎಂದೇ ಪ್ರಬಂಧ ಬರೆದರು. ಗುರುವಿಗೆ ಬೇಕಾದ ಉತ್ತರ ಅದಲ್ಲ. ಟಿಳಕರಿಗಿಂತ ಕರ್ವೆಯವರ ವಿದ್ವತ್ತು ದೊಡ್ಡದು ಎಂದು ನಾನು ಹೇಳುತ್ತಿಲ್ಲ. ಯುರೋಪು ಕೊಟ್ಟ ಅಳತೆಗೋಲನ್ನು ಹಿಡಿದು, ಯುರೋಪು ಬಯಸಿದ ಉತ್ತರವನ್ನು ಕೊಡದಿರುವುದು ಪುಣೆಯವರಿಗೆ ಸಾಧ್ಯವಿತ್ತು ಎಂಬುದಷ್ಟೇ ಮಾತು. ಅಳತೆಗೋಲನ್ನು ಮಾತ್ರ ಅವರು ಬಿಸಾಡಲಿಲ್ಲ. ಊರಿಗೆ ಮರಳಿ, ಡೆಕ್ಕನ್ ಕಾಲೇಜಿನಲ್ಲಿದ್ದುಕೊಂಡು ಮಹಾರಾಷ್ಟ್ರದ ಜಾತಿಗಳ ಮೈಯಳತೆಯನ್ನು ವರ್ಷಗಟ್ಟಲೆ ಮಾಡಿಸಿದರು. ಬರ್ಲಿನ್ನಿನ ಪಾಠ ಅವರಿಗೆ ಪೂರ್ತಿ ಬಿಟ್ಟಿತೆನ್ನಲಾಗದು.

ಬರ್ಲಿನ್ನಿನಿಂದ ಪುಣೆಗೆ ಬಂದ ಇನ್ನೊಂದು ವಿದ್ಯೆ ಗ್ರಂಥಸಂಪಾದನೆ. ಮಹಾಭಾರತದ ಪರಿಷ್ಕೃತ ಪಾಠವನ್ನು ಸಿದ್ಧಪಡಿಸುವ ಯೋಜನೆ ಮೊದಲು ಯುರೋಪಿನದು. 1908ರಲ್ಲಿ ಹೈನ್ರಿಷ್ ಲ್ಯೂಡರ್ಸ್ ಅದರ ಮಾದರಿಯನ್ನೂ ಅಚ್ಚು ಹಾಕಿಸಿದ್ದರು. ಯುದ್ಧ ಬಂತು, ದೇಶಗಳ ಅಕಾಡೆಮಿಗಳು ಒಂದನ್ನೊಂದು ಮಾತಾಡಿಸುವುದನ್ನು ಬಿಟ್ಟವು, ಕೆಲಸ ನಿಂತಿತು. 1917ರಲ್ಲಿ ಹುಟ್ಟಿದ ಪುಣೆಯ ಭಾಂಡಾರಕರ್ ಸಂಸ್ಥೆ 1919ರಲ್ಲಿ ಅದನ್ನು ಕೈಗೆತ್ತಿಕೊಂಡಿತು. 1925ರಲ್ಲಿ ಲ್ಯೂಡರ್ಸರ ಶಿಷ್ಯ ವಿ. ಎಸ್. ಸುಖಠಣಕರ್ ಸಂಪಾದಕರಾದರು. ಅವರು ಬರ್ಲಿನ್ನಿನಲ್ಲಿ ಪ್ರಬಂಧ ಬರೆದದ್ದು, ನಮ್ಮ ಮಳಖೇಡದ ಅಮೋಘವರ್ಷನ ಕಾಲದ ಜೈನ ವೈಯಾಕರಣ ಶಾಕಟಾಯನನ ಮೇಲೆ. ಆದಿಪರ್ವ 1933ರಲ್ಲಿ ಮುಗಿಯಿತು. ಸುಖಠಣಕರ್ 1943ರ ಜನವರಿಯಲ್ಲಿ ತೀರಿಕೊಂಡರು. ಹದಿನೆಂಟು ಪರ್ವ ಪೂರ್ತಿಯಾದದ್ದು 1966ರಲ್ಲಿ.

ಈ ಆವೃತ್ತಿಯ ಮೇಲೂ ತಕರಾರುಗಳಿವೆ. ಯಾವ ಊರಿನಲ್ಲೂ ಯಾರೂ ಓದದ, ಹಾಡದ ಒಂದು ಪಾಠವನ್ನು ಕಟ್ಟಿ ನಿಲ್ಲಿಸಿದ್ದು ಅದರ ಮೇಲಿನ ದೊಡ್ಡ ದೂರು. ಕಾಶ್ಮೀರದ ಶಾರದಾ ಪ್ರತಿಗಳ ಮೇಲೆ ಅತಿ ಭರವಸೆ ಇನ್ನೊಂದು. ಕನ್ನಡಿಗನಿಗೆ ನೋವಾಗುವ ಜಾಗವೂ ಇದೆ. ಕುಮಾರವ್ಯಾಸನ ಸಭಾಪರ್ವವನ್ನು ಗಮಕದಲ್ಲಿ ಕೇಳಿದವರಿಗೆ ದ್ರೌಪದಿ ಕೃಷ್ಣನಿಗೆ ಮೊರೆಯಿಡುವುದೇ ಪ್ರಾಣ. ಸುಖಠಣಕರ್ ಹಾಕಿಕೊಟ್ಟ ಪದ್ಧತಿಯಲ್ಲೇ ಬಂದ 1944ರ ಸಭಾಪರ್ವದ ಸಂಪುಟದಲ್ಲಿ ಆ ಮೊರೆ ಮೂಲಪಾಠದಿಂದ ಕೆಳಗಿಳಿದು ಅಡಿಯಲ್ಲಿ ಸಣ್ಣಕ್ಷರದಲ್ಲಿ ಕೂತಿದೆ. ಆದರೆ ಇದೆ. ಇದೇ ನನಗೆ ದೊಡ್ಡದಾಗಿ ಕಾಣುವುದು. ಮೂಲ ಎಂಬುದನ್ನು ಹುಡುಕುತ್ತ ಸುಖಠಣಕರ್ ಪ್ರತಿಗಳು ನಿಂತಲ್ಲಿ ನಿಂತರು. ವ್ಯಾಸನ ಬಾಯಿಂದ ಬಂದ ಪಾಠ ಇದು ಎನ್ನಲಿಲ್ಲ. ಬೇಡವಾದ ಸಾಕ್ಷಿಯನ್ನು ಎಸೆಯದೆ ಪುಟದ ಬುಡದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಬಿಟ್ಟರು. ಹೊಂದದ್ದನ್ನೂ ಹೊಂದಿಸಿಕೊಂಡ ಟಿಳಕರ ರೀತಿ ಒಂದು, ಹೊಂದದ್ದನ್ನು ಹಾಗೇ ತೋರಿಸುವ ಈ ರೀತಿ ಇನ್ನೊಂದು. ನಡುವಿನ ಅಂತರ ಮೂವತ್ತೇ ವರ್ಷ, ಊರು ಅದೇ.

ಆ ಪರಿಷ್ಕೃತ ಪಾಠವನ್ನೇ ಎದುರಿಗಿಟ್ಟುಕೊಂಡು ಕರ್ವೆ ‘ಯುಗಾಂತ’ ಬರೆದರು. ಅದರಲ್ಲಿ ಖಾಂಡವ ದಹನದ ಪ್ರಬಂಧವೊಂದಿದೆ. ಅಗ್ನಿಯ ಹಸಿವು, ದೇವತೆಗಳ ಮೆಚ್ಚುಗೆ ಎಂಬ ಸಾಂಪ್ರದಾಯಿಕ ಸಮಾಧಾನವನ್ನು ಅವರು ಒಪ್ಪುವುದಿಲ್ಲ. ಕೃಷ್ಣಾರ್ಜುನರು ನೆಲಕ್ಕಾಗಿ ಕಾಡನ್ನು, ಕಾಡಿನ ಜೀವಗಳನ್ನು, ನಾಗರನ್ನು ಒಂದೂ ತಪ್ಪಿಸಿಕೊಳ್ಳದಂತೆ ಸುತ್ತುಗಟ್ಟಿ ಸುಟ್ಟರು ಎಂದು ಅದನ್ನು ಕಗ್ಗೊಲೆಯೆಂದೇ ಓದುತ್ತಾರೆ. ಟಿಳಕರ ಕೊನೆಯ ಅಧ್ಯಾಯಕ್ಕೆ ಪುಣೆಯಲ್ಲಿ ಬಂದ ನಿಜವಾದ ಉತ್ತರ ಪಾವಗಿಯವರ ಸಪ್ತಸಿಂಧುವಲ್ಲ, ಈ ಪ್ರಬಂಧ. ಅಳಿಸಿಹಾಕಿದ್ದನ್ನು ಮೇಲ್ಮೆಯ ಲೆಕ್ಕಕ್ಕೆ ಹಿಡಿಯಲು ಒಪ್ಪದ ಬರಹ ಅದು. ಕರ್ವೆಯವರು ಟಿಳಕರ ಹೆಸರೆತ್ತಿ ವಾದಿಸುವ ಅಗತ್ಯವೂ ಅಲ್ಲಿ ಬೀಳಲಿಲ್ಲ.