ಎಲ್ಲರಿಗೂ ಗೊತ್ತಿದ್ದ ನಾಗಪ್ಪ

ಯಶವಂತ ಚಿತ್ತಾಲರ ‘ಶಿಕಾರಿ’ (1979) ಬಗ್ಗೆ ಊರಕಡೆಯ ವಿಮರ್ಶಕರು ಬರೆದದ್ದನ್ನು ಓದುವಾಗಲೆಲ್ಲ ನನಗೊಂದು ಸಣ್ಣ ಕಿರಿಕಿರಿ. ಕಾಫ್ಕಾ ಬರುತ್ತಾನೆ, ಅಸ್ತಿತ್ವವಾದ ಬರುತ್ತದೆ, ಮಹಾನಗರದ ಅನಾಥಪ್ರಜ್ಞೆಯಂತೂ ಬಂದೇ ಬರುತ್ತದೆ. ತಪ್ಪು ಅಂತಲ್ಲ. ಕಾರಣ ಗೊತ್ತಿಲ್ಲದೆ ಕೆಲಸದಿಂದ ಅಮಾನತುಗೊಂಡವನ ಕತೆಗೆ ಕಾಫ್ಕಾ ನೆನಪಾಗುವುದು ಸಹಜವೇ. ಆದರೆ ಮುಂಬಯಿಯಲ್ಲಿ ಕೂತು ಓದುವವನಿಗೆ ಈ ‘ಅನಾಥ’ ಎಂಬ ಮಾತು ಹೊಂದುವುದಿಲ್ಲ. ನಾಗಪ್ಪನ ಸಂಕಟ ಅವನು ಯಾರಿಗೂ ಗೊತ್ತಿಲ್ಲ ಎಂಬುದಲ್ಲ, ಎಲ್ಲರಿಗೂ ಅತಿಯಾಗಿ ಗೊತ್ತು ಎಂಬುದು.

ಇಲ್ಲಿ ಕನ್ನಡದವರು ಇಬ್ಬರು ಸಿಕ್ಕರೆ ಮೊದಲ ಪ್ರಶ್ನೆ ‘ಯಾವೂರು?’, ಎರಡನೆಯದು ‘ಯಾರ ಪೈಕಿ?’ ಮೂರನೆಯ ಪ್ರಶ್ನೆ ಬೇಕಾಗುವುದಿಲ್ಲ, ಉಳಿದದ್ದು ಗೊತ್ತಿರುತ್ತದೆ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಓಡಲು ತೊಡಗಿತು ಅನ್ನುತ್ತಾರೆ, ಸುದ್ದಿ ಮಾತ್ರ ಅದಕ್ಕಿಂತ ಎಷ್ಟೋ ಮೊದಲೇ ಆ ದಾರಿಯಲ್ಲಿ ಓಡಾಡುತ್ತಿತ್ತು. ನನಗೆ ಮೊದಲು ಖೋಲಿ ಸಿಕ್ಕಿದ್ದು, ಡಿಪಾಸಿಟ್ಟಿಗೆ ಕೈಗಡ ಸಿಕ್ಕಿದ್ದು, ಎಲ್ಲ ಈ ‘ಗೊತ್ತು’ ಎಂಬುದರಿಂದಲೇ. ಆದ್ದರಿಂದ ಅದನ್ನು ಹಳಿಯಲು ನಾನು ತಯಾರಿಲ್ಲ.

ಅದರ ಇನ್ನೊಂದು ಮುಖವನ್ನೂ ನೋಡಿದ್ದೇನೆ. ಒಮ್ಮೆ ನಮ್ಮ ಕಡೆಯ ಹುಡುಗನೊಬ್ಬನ ಮದುವೆ ಮಾತುಕತೆ ನಡೆದಿತ್ತು. ವಿಚಾರಿಸಿದ ಐವರೂ ‘ಅವನ ನಡತೆ ಸರಿ ಇಲ್ಲವಂತೆ’ ಅಂದರು. ಒಬ್ಬೊಬ್ಬರನ್ನೇ ‘ನಿಮಗ್ಯಾರು ಹೇಳಿದ್ದು?’ ಅಂತ ಕೇಳುತ್ತಾ ಹೋದೆ. ಐದು ದಾರಿಯೂ ಒಂದೇ ಮನೆಯ ಅಡುಗೆಕೋಣೆಗೆ ಹೋಗಿ ನಿಂತವು! ಐದು ಸಾಕ್ಷಿ ಅಂದುಕೊಂಡದ್ದು ಒಂದೇ ಬಾಯಿ. ಅಷ್ಟರಲ್ಲಿ ಹೆಣ್ಣಿನ ಕಡೆಯವರು ಬೇರೆ ಗಂಡು ನೋಡಿ ಆಗಿತ್ತು. ಆ ಐವರೂ ಒಳ್ಳೆಯ ಜನ, ಯಾರೂ ಸುಳ್ಳು ಹೇಳಿರಲಿಲ್ಲ.

‘ಶಿಕಾರಿ’ಯ ಭಯ ಈ ಜಾತಿಯದು. ಕಂಪನಿಯ ಮೇಲಧಿಕಾರಿ ಫಿರೋಜ್ ಬಂದೂಕ್‌ವಾಲಾನ ಕೈಯಲ್ಲಿ ಅಧಿಕಾರವಿದೆ, ಸರಿ. ಆದರೆ ನಾಗಪ್ಪನನ್ನು ನಿಜಕ್ಕೂ ನಡುಗಿಸುವವನು ಊರಕಡೆಯ ಶ್ರೀನಿವಾಸ. ಅವನ ಹತ್ತಿರ ಇರುವುದು ಮಾಹಿತಿ. ಹಳೆಯ ಸಂಗತಿಗೆ ಹೊಸ ಅರ್ಥ ಹಚ್ಚಿ ನಾಲ್ಕು ಜನರ ನಡುವೆ ಬಿಟ್ಟರೆ ಸಾಕು. ಆಮೇಲೆ ನಾಗಪ್ಪನಿಗೇ ತನ್ನ ಮೇಲೆ ಅನುಮಾನ ಬರತೊಡಗುತ್ತದೆ. ಕಾದಂಬರಿಯ ಅತ್ಯುತ್ತಮ ಭಾಗ ಇದೇ ಎಂದು ನನ್ನ ಎಣಿಕೆ. ಹೆಂಗಸರ ಪಾತ್ರಗಳು ಮಾತ್ರ ನಾಗಪ್ಪನ ಗುಮಾನಿಯ ಬೆಳಕಿನಲ್ಲಷ್ಟೇ ಕಾಣುತ್ತವೆ. ಕೆಲವು ಕಡೆ ಅವನ ಆತ್ಮಶೋಧನೆ ಓದುಗನ ತಾಳ್ಮೆಯನ್ನೂ ಶೋಧಿಸುತ್ತದೆ.

ಚಿತ್ತಾಲರ ಹನೇಹಳ್ಳಿ, ಜಯಂತ ಕಾಯ್ಕಿಣಿಯವರ ಗೋಕರ್ಣ, ಎರಡೂ ಕುಮಟಾ ತಾಲೂಕಿನವೇ. ಇಬ್ಬರೂ ಮುಂಬಯಿಗೆ ಬಂದು ರಸಾಯನದ ನೌಕರಿ ಮಾಡಿದವರು. ಆದರೂ ಕಾಯ್ಕಿಣಿಯವರ ಮುಂಬಯಿಯಲ್ಲಿ ‘ಯಾರ ಪೈಕಿ’ ಅಂತ ಯಾರೂ ಕೇಳುವುದಿಲ್ಲ. ಪೂರ್ವಾಪರ ಗೊತ್ತಿಲ್ಲದ ಕಾರಣಕ್ಕೇ ಅಲ್ಲಿನ ಜನ ಒಬ್ಬರಿಗೊಬ್ಬರು ಒದಗುತ್ತಾರೆ. ಓದಿ ಹಗುರಾಗುತ್ತೇನೆ, ನಿಜ. ಆದರೆ ನನ್ನ ಖೋಲಿಯ ಡಿಪಾಸಿಟ್ಟು ಅಂಥ ಅಪರಿಚಿತರಿಂದ ಬಂದದ್ದಲ್ಲವಲ್ಲ!

ಮತ್ತೆ ‘ಶಿಕಾರಿ’ಗೆ ಬಂದರೆ, ನಾವೆಲ್ಲ ಶ್ರೀನಿವಾಸನನ್ನು ದುಷ್ಟ ಎಂದು ತೀರ್ಮಾನಿಸಿಬಿಟ್ಟಿದ್ದೇವೆ. ಹೇಗೆ ಗೊತ್ತು? ನಾಗಪ್ಪ ಹೇಳಿದ. ನಾಲ್ಕು ದಶಕ ಓದುಗರು ಅದನ್ನೇ ಒಬ್ಬರಿಗೊಬ್ಬರು ಹೇಳಿಕೊಂಡು ಬಂದೆವು. ಈ ಸಲ ಓದುವವರು ಶ್ರೀನಿವಾಸ ಬರುವ ಪುಟಗಳಲ್ಲಿ ನಾಗಪ್ಪ ಕಣ್ಣಾರೆ ಕಂಡದ್ದಕ್ಕೆ ಒಂದು ಗೀಟು, ಊಹಿಸಿದ್ದಕ್ಕೆ ಎರಡು ಗೀಟು ಎಳೆದು ನೋಡಿ. ನನ್ನ ಪ್ರತಿಯಲ್ಲಿ ಎರಡು ಗೀಟಿನವೇ ಜಾಸ್ತಿ.